ಮೂಗಿನ ಪಾಲಿಪ್ (ಒಳಪೊರೆ ಊದಿ ಜೋತುಬಿದ್ದ ಮೆತ್ತನೆ ಗಡ್ಡೆ) ಜತೆ ಹಳೆ ಸೈನಸ್: ಸಿಟಿ ಸ್ಕ್ಯಾನ್ ಒಂದು ಹೇಳ್ತದೆ, ರೋಗಿ ಇನ್ನೊಂದು ಹೇಳ್ತಾರೆ. ತೀವ್ರತೆ ಏನಂತ ಬರೀಬೇಕು?

ಗಂಗಾವತಿ_ಕ್ಲಿನಿಕ್:
ಅಕ್ಕಿ ಗಿರಣಿಯಲ್ಲಿ ದುಡಿಯುವ, ನಲವತ್ತು ದಾಟಿದ ಗಂಡಸು. ವರ್ಷದ ಮೇಲಾಯ್ತು, ಎರಡೂ ಹೊಳ್ಳೆ ಕಟ್ಟಿರ್ತವೆ, ಗಂಟಲಿಗೆ ಗೊಣ್ಣೆ ಇಳೀತದೆ, ವಾಸನೆ ಸುತರಾಂ ಇಲ್ಲ. ಎಂಡೋಸ್ಕೋಪಿ ಚೀಟಿಯಲ್ಲಿ "ಎರಡೂ ಕಡೆ ಪಾಲಿಪ್, ಗ್ರೇಡ್ 2" ಅಂತಷ್ಟೇ ಇದೆ. ಸಿಟಿ ವರದಿಯಲ್ಲಿ ಲುಂಡ್-ಮ್ಯಾಕೆ (ಸೈನಸ್ ಎಷ್ಟು ತುಂಬಿದೆ ಅನ್ನೋ ಅಂಕ) 16/24, ಕೊನೆಗೆ ದಪ್ಪಕ್ಷರದಲ್ಲಿ "ತೀವ್ರ ಪ್ಯಾನ್‌ಸೈನುಸೈಟಿಸ್", ಅಂದ್ರೆ ಎಲ್ಲ ಸೈನಸ್‌ಗಳ ಉರಿಯೂತ. ಸ್ನಾಟ್-22 ಅನ್ನೋ ಲಕ್ಷಣಪಟ್ಟಿಯ ಪ್ರಶ್ನೆಗಳನ್ನ ಓದಿ ಹೇಳಿ ತುಂಬಿಸಿದ್ರೆ ಬಂದಿದ್ದು 31. ಮನೆಯವರು ಆ ದಪ್ಪಕ್ಷರ ನೋಡಿ ಗಾಬರಿಯಾಗಿ ನಾಳೆನೇ ಆಪರೇಷನ್ ಆಗ್ಲಿ ಅಂತಿದ್ದಾರೆ. ರೋಗಿ ಮಾತ್ರ "ಅಷ್ಟೇನಿಲ್ಲ ಬಿಡ್ರಿ" ಅಂತಾನೆ. ರೆಫರಲ್ ಚೀಟಿಯಲ್ಲಿ ಮೈಲ್ಡ್, ಮಾಡರೇಟ್, ಸಿವಿಯರ್, ಇದ್ರಲ್ಲಿ ಯಾವುದು ಬರೀಲಿ?

ಮೂಗುಗಂಟಲು_ಬಳ್ಳಾರಿ:
ಮೊದ್ಲು ಆ "ಗ್ರೇಡ್ 2" ಯಾವ ಮಾಪಕದ್ದು ಅಂತ ಕೇಳ್ಕೊಳ್ಳಿ. ಲುಂಡ್-ಕೆನಡಿ ಅನ್ನೋ ಎಂಡೋಸ್ಕೋಪಿ ಮಾಪಕದಲ್ಲಿ ಪಾಲಿಪ್‌ಗೆ ಇರೋದೇ 0, 1, 2. ಅಲ್ಲಿ 2 ಅಂದ್ರೆ ಪಾಲಿಪ್ ಮಧ್ಯ ಮಿಯೇಟಸ್ (ಸೈನಸ್ ಬಾಯಿ ತೆರೆಯೋ ಸಂದು) ದಾಟಿ ಆಚೆ ಬಂದಿದೆ, ಅದಕ್ಕಿಂತ ಮೇಲಿನ ಅಂಕವೇ ಇಲ್ಲ. ನೇಸಲ್ ಪಾಲಿಪ್ ಸ್ಕೋರಿನಲ್ಲಾದ್ರೆ (ಎನ್‌ಪಿಎಸ್) ಒಂದೊಂದು ಹೊಳ್ಳೆಗೆ 0ಯಿಂದ 4. ಅಲ್ಲಿ 2 ನಡುಮಟ್ಟ. ಒಂದೇ "2", ಒಂದರಲ್ಲಿ ಗರಿಷ್ಠ, ಇನ್ನೊಂದರಲ್ಲಿ ಅರ್ಧ. ಮಾಪಕದ ಹೆಸರಿಲ್ಲದ ಗ್ರೇಡ್ ಬರೆದೂ ಬರೀದಂಗೆ.

ಪಿಜಿ_ಮೂರನೇವರ್ಷ:
ಎನ್‌ಪಿಎಸ್ ಬಿಡಿಸಿ ಹೇಳ್ತೀನಿ, ಹೊಸಬರಿಗೆ ಬೇಕಾಗ್ತದೆ. 1: ಮಧ್ಯ ಮಿಯೇಟಸ್ ಒಳಗೇ ಇರೋ ಸಣ್ಣ ಪಾಲಿಪ್, ಮಧ್ಯ ಟರ್ಬಿನೇಟಿನ (ಮೂಗಿನ ಪಕ್ಕದ ಗೋಡೆಯಿಂದ ಚಾಚಿದ ಮಡಿಕೆ) ಕೆಳ ಅಂಚು ದಾಟಿಲ್ಲ. 2: ಆ ಅಂಚು ದಾಟಿದೆ. 3: ಕೆಳ ಟರ್ಬಿನೇಟಿನ ಕೆಳ ಅಂಚಿನ ತನಕ ಇಳಿದಿದೆ, ಇಲ್ಲಾ ಮಧ್ಯ ಟರ್ಬಿನೇಟಿನ ಒಳಮಗ್ಗುಲಿಗೆ, ಅಂದ್ರೆ ಸೆಪ್ಟಮ್ (ಮೂಗಿನ ನಡುಗೋಡೆ) ಕಡೆಗೆ ಬಂದಿದೆ. 4: ಮೂಗಿನ ಕೆಳಭಾಗ ಪೂರ್ತಿ ಮುಚ್ಚಿದೆ. ಎರಡೂ ಕಡೆ ಕೂಡಿಸಿ 8. ಒಳಮಗ್ಗುಲಿನ ಸಣ್ಣ ಪಾಲಿಪ್‌ಗೂ 3 ಕೊಡಬೇಕು ಅನ್ನೋದು ಬಹಳ ಜನಕ್ಕೆ ತಪ್ಪಿಹೋಗ್ತದೆ. ವಾಸನೆಯ ಸೀಳು ಇರೋದು ಅಲ್ಲೇ. ಗಾತ್ರ ಸಣ್ಣದಿದ್ರೂ ವಾಸನೆ ಹೋಗಿರ್ತದೆ.

ಸಿಟಿ_ಕೊಠಡಿ:
16 ಹೆಂಗೆ ಬಂತು? ಸೈನಸ್‌ವಾರು ಅಂಕ ಇದ್ರೆ ಹಾಕಿ.

ಗಂಗಾವತಿ_ಕ್ಲಿನಿಕ್:
ಬಲ: ಮ್ಯಾಕ್ಸಿಲರಿ (ಕೆನ್ನೆ) 1, ಮುಂದಿನ ಎತ್ಮಾಯಿಡ್ (ಕಣ್ಣುಗಳ ನಡುವೆ) 2, ಹಿಂದಿನ ಎತ್ಮಾಯಿಡ್ 1, ಸ್ಫೀನಾಯಿಡ್ (ಮೂಗಿನ ಹಿಂದೆ ಆಳದಲ್ಲಿ) 0, ಫ್ರಾಂಟಲ್ (ಹಣೆ) 1, ಆಸ್ಟಿಯೋಮಿಯೇಟಲ್ (ಸೈನಸ್‌ಗಳು ಬರಿದಾಗೋ ದಾರಿ) 2. ಒಟ್ಟು 7. ಎಡ, ಅದೇ ಕ್ರಮದಲ್ಲಿ: 2, 2, 2, 1, 1, ಆಸ್ಟಿಯೋಮಿಯೇಟಲ್ 1. ಒಟ್ಟು 9.

ಸಿಟಿ_ಕೊಠಡಿ:
ಅಲ್ಲೇ ಇದೆ ತಪ್ಪು. ಆಸ್ಟಿಯೋಮಿಯೇಟಲ್ ಕಾಂಪ್ಲೆಕ್ಸಿಗೆ 1 ಅನ್ನೋ ಅಂಕವೇ ಇಲ್ಲ. ತೆರೆದಿದ್ರೆ 0, ಮುಚ್ಚಿದ್ರೆ 2. ಉಳಿದ ಐದು ಜಾಗಕ್ಕೆ ಮಾತ್ರ 0 ಸ್ವಚ್ಛ, 1 ಅರ್ಧಂಬರ್ಧ, 2 ಪೂರ್ತಿ ಮಬ್ಬು. ಒಂದು ಕಡೆಗೆ 12, ಎರಡೂ ಸೇರಿ 24. ಅಂದ್ಮೇಲೆ ನಿಮ್ಮ ರೋಗಿಯದ್ದು 15 ಇಲ್ಲಾ 17, 16 ಆಗೋಕೆ ಸಾಧ್ಯವಿಲ್ಲ. ಕೊರೋನಲ್ (ಎದುರಿನಿಂದ ಕಾಣೋ ಸೀಳಿನ) ಚಿತ್ರ ನೋಡಿ ತೀರ್ಮಾನಿಸಿ. ಎಡಗಡೆ ಮ್ಯಾಕ್ಸಿಲರಿಯೂ ಮುಂದಿನ ಎತ್ಮಾಯಿಡೂ ಪೂರ್ತಿ ಮಬ್ಬಾಗಿವೆ ಅಂದ್ರೆ ಬಹುಶಃ 2, ಒಟ್ಟು 17. ಇನ್ನೊಂದು, ಫ್ರಾಂಟಲ್ ಸೈನಸ್ ಹುಟ್ಟಿನಿಂದಲೇ ಬೆಳೆಯದೆ ಇದ್ರೆ ಅದಕ್ಕೆ 0. "ಕಾಣ್ತಿಲ್ಲ" ಅಂತ 2 ಕೊಟ್ಟ ವರದಿಗಳೂ ಓಡಾಡ್ತಾವೆ.

ಆ "ತೀವ್ರ" ಅನ್ನೋ ಪದ ವರದಿಯಲ್ಲಿ ಇರಲೇಬಾರದಿತ್ತು. ಸಿಟಿ ಹೇಳೋದು ಎಷ್ಟು ಜಾಗ ತುಂಬಿದೆ ಅಂತ. ಎಷ್ಟು ತ್ರಾಸು ಇದೆ ಅಂತಲ್ಲ.

ದೂಳು_ಸಂಡೂರು:
ಆದ್ರೆ 17 ಕಮ್ಮಿ ಅಲ್ವಲ್ಲ. 24ಕ್ಕೆ 17 ಬಂದವನಿಗೆ ಮಾಡರೇಟ್ ಅಂತ ಬರೆದ್ರೆ ಯಾರು ನಂಬ್ತಾರೆ?

ಮೂಗುಗಂಟಲು_ಬಳ್ಳಾರಿ:
ಲುಂಡ್-ಮ್ಯಾಕೆಗೂ ಸ್ನಾಟ್-22ಕ್ಕೂ ತಾಳೆ ಆಗೋದು ಕಮ್ಮಿ, ಇದು ಮತ್ತೆ ಮತ್ತೆ ಕಂಡ ಸಂಗತಿ. ಸೈನಸ್ ದೂರೇ ಇಲ್ಲದೆ ಬೇರೆ ಕಾರಣಕ್ಕೆ ಸ್ಕ್ಯಾನ್ ಆದ ದೊಡ್ಡವರಲ್ಲೂ ಸರಾಸರಿ 4ರ ಆಸುಪಾಸು ಅಂಕ ಬರ್ತದೆ. ಬರೀ ನೆಗಡಿ ಇದ್ದಾಗ ತೆಗೆದ್ರೂ ಸೈನಸ್ ಮಬ್ಬು ಕಾಣ್ತದೆ. ಅದಕ್ಕೇ ನೆಗಡಿ ಇಳಿದು ಕೆಲವು ವಾರ ಕಳೆದ ಮೇಲೆ, ಸ್ಪ್ರೇ, ತೊಳೆಯೋದು ಎಲ್ಲ ಸರಿಯಾಗಿ ಮಾಡಿಸಿದ ಮೇಲೆ ಸಿಟಿ ತೆಗೀಬೇಕು. ಕಾಂಟ್ರಾಸ್ಟ್ ಬೇಡ, ತೆಳು ಸ್ಲೈಸ್, ಮೂರೂ ದಿಕ್ಕಿನ ಚಿತ್ರ.

ಇಪೋಸ್ 2020 ಅನ್ನೋ ಯುರೋಪಿನ ಸೈನಸ್ ಮಾರ್ಗಸೂಚಿ ತೀವ್ರತೆಯನ್ನ ಅಳೆಯೋದು ರೋಗಿಯ ಬಾಯಿಂದಲೇ. 10 ಸೆಂ.ಮೀ. ಗೆರೆ ಎಳೆದು "ಈ ಸೈನಸ್ ತ್ರಾಸು ಒಟ್ಟಾರೆ ಎಷ್ಟು ಕಾಡ್ತದೆ?" ಅಂತ ಕೇಳಿ. 3ರ ತನಕ ಮೈಲ್ಡ್, 3 ದಾಟಿ 7ರ ತನಕ ಮಾಡರೇಟ್, 7ರ ಮೇಲೆ ಸಿವಿಯರ್. ಎಲ್ಲಕ್ಕಿಂತ ಮೊದ್ಲು ರೋಗವೇ ಹೌದಾ ಅನ್ನೋದು ನೋಡಿ: 12 ವಾರ ದಾಟಿರಬೇಕು, ಕನಿಷ್ಠ ಎರಡು ಲಕ್ಷಣ ಇರಬೇಕು, ಅದ್ರಲ್ಲಿ ಒಂದು ಮೂಗು ಕಟ್ಟೋದೋ ಸುರಿಯೋದೋ ಆಗಿರಲೇಬೇಕು, ಜತೆಗೆ ಎಂಡೋಸ್ಕೋಪಿಯಲ್ಲೋ ಸಿಟಿಯಲ್ಲೋ ಸಾಕ್ಷಿ ಸಿಗಬೇಕು.

ರಾಯಚೂರು_ವಾರ್ಡ್:
ಗೆರಿ ಎಳದು ತೋರ್ಸಿದ್ರ ನಮ್ಮ ಕಡಿ ವಯಸ್ಸಾದೋರಿಗೆ ತಿಳಿಯಂಗಿಲ್ಲ ನೋಡ್ರಿ. ಟೇಬಲ್ ಮ್ಯಾಲ ಹತ್ತು ನಾಣ್ಯ ಇಡ್ರಿ, "ತ್ರಾಸು ಎಷ್ಟು ಅದ, ಅಷ್ಟು ಈ ಕಡಿ ಸರಸ್ರಿ" ಅನ್ರಿ. ತಟ್ಟನ ಮಾಡ್ತಾರ. ಮತ್ತ ಒಂದ ಸಲ ಕೇಳಿ ಬಿಡಬ್ಯಾಡ್ರಿ. ಮೂಗು ಕಟ್ಟೋದಕ್ಕ ಬ್ಯಾರೆ, ವಾಸನಿಗೆ ಬ್ಯಾರೆ, ನಿದ್ದಿಗೆ ಬ್ಯಾರೆ ಕೇಳ್ರಿ. ಮಗ್ಗಲದಾಗ ಕುಂತ ಮಗ ಉತ್ತರ ಹೇಳಾಕ ಹತ್ತಿದ್ರ ಅಂವನ್ನ ಹೊರಗ ಕಳಸ್ರಿ.

ತುಂಗಾತೀರ:
31ರ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ. ಸ್ನಾಟ್-22ರಲ್ಲಿ 22 ಪ್ರಶ್ನೆ, ಒಂದೊಂದಕ್ಕೆ 0ಯಿಂದ 5, ಒಟ್ಟು 110, ಕೇಳೋದು ಹಿಂದಿನ ಎರಡು ವಾರದ್ದು. 8ರಿಂದ 20 ಮೈಲ್ಡ್, 50ರ ತನಕ ಮಾಡರೇಟ್, ಅದರ ಮೇಲೆ ಸಿವಿಯರ್ ಅಂತ ಹಿಡೀತಾರೆ. ಲೆಕ್ಕಕ್ಕೆ ನಿಮ್ಮವನು ಮಾಡರೇಟ್. ಆದ್ರೆ ವಾಸನೆಗೆ ಇರೋದು ಒಂದೇ ಪ್ರಶ್ನೆ. ಮೂಗು ಸಂಪೂರ್ಣ ಸತ್ತವನಿಗೂ ಅದರಿಂದ ಸಿಗೋದು 5 ಅಂಕ. ಕಿವಿ ನೋವು, ತಲೆಸುತ್ತು, ಮುಖದ ನೋವು ಇವೆಲ್ಲ ಪಾಲಿಪ್ ರೋಗಿಗಳಲ್ಲಿ ಎಷ್ಟೋ ಸಲ ಇರೋದೇ ಇಲ್ಲ, ಅಲ್ಲೆಲ್ಲ ಸೊನ್ನೆ ಬೀಳ್ತದೆ. ಹಂಗಾಗಿ ಒಟ್ಟು ಅಂಕ ಕೆಳಗೆ ಕೂರ್ತದೆ. ಕೂಡಿಸಿದ ಮೊತ್ತದ ಪಕ್ಕ 5 ಬಿದ್ದ ಪ್ರಶ್ನೆಗಳು ಯಾವು ಅಂತ ಬರೀರಿ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದ್ರೆ ಈ ಮನುಷ್ಯನಿಗೆ ಗೊತ್ತಾಗೋದಿಲ್ಲ. ಅದು 31ರಲ್ಲಿ ಎಲ್ಲೂ ಕಾಣೋದಿಲ್ಲ.

ದೂಳು_ಸಂಡೂರು:
ವಾಸನೆ ಪರೀಕ್ಷೆಗೆ ಅಮೃತಾಂಜನ ಹಿಡಿದ್ರೆ ಸಾಕಲ್ವಾ? ಎಲ್ಲ ಕಡೆ ಸಿಗ್ತದೆ.

ಪಿಜಿ_ಮೂರನೇವರ್ಷ:
ಖಂಡಿತ ಬೇಡ. ಮೆಂಥಾಲ್, ಕರ್ಪೂರ, ಅಮೋನಿಯ ಇವೆಲ್ಲ ಮುಖದ ಸ್ಪರ್ಶ, ಉರಿ ತಿಳಿಸೋ ಟ್ರೈಜೆಮಿನಲ್ ನರವನ್ನ ಚುಚ್ತಾವೆ. ವಾಸನೆಯ ನರ ಏನೂ ಗ್ರಹಿಸದಿದ್ರೂ ರೋಗಿ "ಹ್ಞಾಂ, ಘಾಟು ಬಂತು" ಅಂತಾನೆ. ಕಿಟ್ ಇಲ್ಲದಿದ್ರೆ ಕಾಫಿಪುಡಿ, ಏಲಕ್ಕಿ, ಮೈಸೋಪು ಬಳಸಿ. ಕಣ್ಣು ಮುಚ್ಚಿಸಿ, ಒಂದು ಹೊಳ್ಳೆ ಒತ್ತಿಹಿಡಿದು, ಒಂದೊಂದು ಕಡೆ ಬೇರೆ ಬೇರೆ ನೋಡಿ. ನಡುವೆ ಒಂದು ಖಾಲಿ ಡಬ್ಬಿಯನ್ನೂ ಹಿಡೀರಿ, ಊಹಿಸಿ ಹೇಳೋರು ಅಲ್ಲಿ ಸಿಕ್ಕಿಬೀಳ್ತಾರೆ. ಬರೆಯೋವಾಗ "ಬರ್ತದೆ", "ಬರ್ತದೆ ಆದ್ರೆ ಏನಂತ ಗುರುತಿಲ್ಲ", "ಇಲ್ಲ" ಅಂತ ಮೂರು ಮಾಡಿ. ಇದು ಒರಟು ಅಳತೆ, ನಿಜ. ಸ್ನಿಫಿನ್ ಸ್ಟಿಕ್ಸ್ (ವಾಸನೆ ಅಳೆಯೋ ಪೆನ್ನುಗಳ ಕಿಟ್) ಇದ್ರೆ ಅದೇ ಸರಿ.

ಉಸಿರು_ರಾಯಚೂರು:
ಇಷ್ಟು ಚರ್ಚೆ ಆಯ್ತು, ಎದೆ ಬಗ್ಗೆ ಒಬ್ಬರೂ ಕೇಳಲಿಲ್ಲ. ದಮ್ಮು ಇದೆಯಾ? ರಾತ್ರಿ ಸುಂಯ್ ಅಂತದಾ? ರಕ್ತದಲ್ಲಿ ಇಯೋಸಿನೊಫಿಲ್ (ಅಲರ್ಜಿ, ಹುಳ ಇದ್ದಾಗ ಏರೋ ಬಿಳಿ ಕಣ) ಎಷ್ಟು? ನೋವಿನ ಗುಳಿಗೆ ತಗೊಂಡ್ರೆ ಉಸಿರು ಕಟ್ತದಾ?

ಗಂಗಾವತಿ_ಕ್ಲಿನಿಕ್:
ಕೇಳಿದೆ. ರಾತ್ರಿ ಸುಂಯ್ ಸದ್ದು ಇದೆ, ಬೇಕಾದಾಗ ಸಾಲ್ಬುಟಮಾಲ್ ಪಂಪ್ ಎಳೀತಾನೆ. ಒಟ್ಟು ಬಿಳಿ ಕಣ 8,400, ಇಯೋಸಿನೊಫಿಲ್ 9 ಶೇಕಡಾ. ಮೈಕೈ ನೋವಿಗೆ ಡೈಕ್ಲೊಫೆನಾಕ್ ತಗೊಂಡ್ರೆ ತಾಸಿನೊಳಗೆ ಮೂಗು ಸುರಿದು ದಮ್ಮು ಏರ್ತದೆ, ಅದಕ್ಕೇ ಆ ಗುಳಿಗೆ ಬಿಟ್ಟಿದ್ದಾನಂತೆ.

ಉಸಿರು_ರಾಯಚೂರು:
ಹಂಗಾದ್ರೆ ಇಡೀ ಚಿತ್ರ ಬದಲಾಯ್ತು. ಪಾಲಿಪ್, ಆಸ್ತಮಾ, ನೋವಿನ ಗುಳಿಗೆಗೆ ಪ್ರತಿಕ್ರಿಯೆ, ಮೂರೂ ಕೂಡಿವೆ. ಇದನ್ನ ಸ್ಯಾಮ್ಟರ್ಸ್ ಟ್ರಯಡ್ ಅಂತಾರೆ, ಈಗಿನ ಹೆಸರು ಎನ್-ಇಆರ್‌ಡಿ, ಅಂದ್ರೆ ನೋವಿನ ಗುಳಿಗೆಯಿಂದ ಕೆರಳೋ ಉಸಿರಾಟದ ರೋಗ. ಆಪರೇಷನ್ ಆದ್ರೂ ಪಾಲಿಪ್ ಬೇಗ ಮರುಕಳಿಸೋ ಗುಂಪು ಇದು. ಸಂಪೂರ್ಣ ಇಯೋಸಿನೊಫಿಲ್ ಲೆಕ್ಕ 8,400ರ 9 ಶೇಕಡಾ, ಅಂದ್ರೆ 756.

ಇಯೋಸಿನೊಫಿಲ್‌ನಿಂದಾದ ಸೈನಸ್ ರೋಗ ಗುರುತಿಸೋಕೆ ಜಪಾನಿನವರು ಮಾಡಿದ ಜೆಸ್ರೆಕ್ ಅಂಕ ಹಾಕಿ ನೋಡಿ: ಎರಡೂ ಕಡೆ ರೋಗ 3, ಪಾಲಿಪ್ 2, ಸಿಟಿಯಲ್ಲಿ ಮ್ಯಾಕ್ಸಿಲರಿಗಿಂತ ಎತ್ಮಾಯಿಡ್ ಮಬ್ಬು ಹೆಚ್ಚು ಅಥವಾ ಸಮ ಇದ್ರೆ 2, ಇಯೋಸಿನೊಫಿಲ್ 5 ದಾಟಿ 10 ಶೇಕಡಾ ಒಳಗಿದ್ರೆ 8. ಒಟ್ಟು 15. 11 ಮುಟ್ಟಿದ್ರೇ ಇಯೋಸಿನೊಫಿಲಿಕ್ ಸೈನುಸೈಟಿಸ್ ಅಂತ ಹಿಡೀತಾರೆ. ಅದರ ಮೇಲೆ ಇಯೋಸಿನೊಫಿಲ್ 5 ಶೇಕಡಾ ಮೀರಿ, ಎತ್ಮಾಯಿಡ್ ಮೇಲುಗೈ ಇದ್ದು, ಜತೆಗೆ ಆಸ್ತಮಾ ಅಥವಾ ನೋವಿನ ಗುಳಿಗೆ ತೊಂದರೆಯೂ ಇದ್ರೆ ಆ ಪದ್ಧತಿಯಲ್ಲಿ ನೇರವಾಗಿ "ಸಿವಿಯರ್".

ಪ್ಯಾಥಾಲಜಿ_ಬಳ್ಳಾರಿ:
ಒಂದು ತಕರಾರು. ನಮ್ಮ ಕಡೆ ಇಯೋಸಿನೊಫಿಲ್ ಏರೋಕೆ ಹೊಟ್ಟೆ ಹುಳವೇ ಸಾಕು. ಹೊಲದಲ್ಲಿ ಬರಿಗಾಲಲ್ಲಿ ದುಡಿಯೋರಲ್ಲಿ ಕೊಕ್ಕೆಹುಳ ಸಾಮಾನ್ಯ. ಮಲ ಪರೀಕ್ಷೆ ಮಾಡಿಸಿ ಇಲ್ಲಾ ಆಲ್ಬೆಂಡಜೋಲ್ 400 ಮಿ.ಗ್ರಾಂ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ಎಣಿಸಿ. ಜಪಾನಿನ ರೋಗಿಗಳ ಮೇಲೆ ಕಟ್ಟಿದ ಅಂಕವನ್ನ ಒಂದೇ ರಕ್ತ ವರದಿ ಹಿಡ್ಕೊಂಡು ಇಲ್ಲಿ ಹಾಕೋದು ಸರಿಯಲ್ಲ. ತೆಗೆದ ಪಾಲಿಪ್ ತುಣುಕಿನಲ್ಲಿ ಹೈ ಪವರ್ ಫೀಲ್ಡಿಗೆ (ಸೂಕ್ಷ್ಮದರ್ಶಕದ ಒಂದು ನೋಟಕ್ಕೆ) ಇಯೋಸಿನೊಫಿಲ್ ಎಷ್ಟು ಅಂತ ಎಣಿಸಿ ಕೊಡಿ ಎಂದು ಸ್ಪಷ್ಟವಾಗಿ ಬರೆದು ಕಳಿಸಿ. ಹಂಗೆ ಬರೀದಿದ್ರೆ "ಇನ್‌ಫ್ಲಮೇಟರಿ ಪಾಲಿಪ್" ಅನ್ನೋ ಎರಡು ಪದದಲ್ಲಿ ವರದಿ ಮುಗೀತದೆ. 10 ಅಥವಾ ಹೆಚ್ಚು ಇದ್ರೆ ಟೈಪ್ 2, ಅಂದ್ರೆ ಅಲರ್ಜಿ ಬಗೆಯ ಉರಿಯೂತ.

ಉಸಿರು_ರಾಯಚೂರು:
ಹುಳದ ಮಾತು ಒಪ್ಪಿದೆ. ಆದ್ರೆ ಡೈಕ್ಲೊಫೆನಾಕ್ ನುಂಗಿದ್ರೆ ದಮ್ಮು ಏರೋದಕ್ಕೆ ಹುಳ ಕಾರಣ ಅಲ್ಲ. ಇಲ್ಲಿ ಲೆಕ್ಕ ಇನ್ನೊಂದು ಸಲ ಆಗ್ಲಿ, ಅಭಿಪ್ರಾಯ ಬದಲಾಗೋದಿಲ್ಲ. ಸ್ಪೈರೊಮೆಟ್ರಿ (ಊದಿಸಿ ಉಸಿರು ಅಳೆಯೋ ಪರೀಕ್ಷೆ) ಮಾತ್ರ ಇದೇ ವಾರ ಮಾಡಿಸಿ.

ಔಷಧಂಗಡಿ_ಮಾನ್ವಿ:
ಅಳೆಯೋಕ ಮುಂಚೆ ಇನ್ನೊಂದು ಕೇಳ್ರಿ: ಏನೇನು ತಗೊಂಡಾನ? ಬಣ್ಣದ ಗುಳಿಗಿ ಪುಡಿಕಿಯೊಳಗ ಬೆಟಾಮೆಥಸೋನೋ ಡೆಕ್ಸಾಮೆಥಸೋನೋ ಇದ್ದಿದ್ದು ಎಷ್ಟೋ ಮಂದಿಗೆ ಗೊತ್ತೇ ಇರಂಗಿಲ್ಲ. ಸ್ಟೆರಾಯ್ಡ್ ಹೊಟ್ಟಿಗೆ ಹೋದ್ರ ಪಾಲಿಪ್ ಕುಗ್ತದ, ಇಯೋಸಿನೊಫಿಲ್ ಇಳೀತದ, ವಾಸನಿ ನಾಲ್ಕು ದಿನ ವಾಪಸ್ ಬರ್ತದ. ಆವಾಗ ಅಳದ್ರ ಎಲ್ಲಾ ಮೈಲ್ಡ್ ಕಾಣ್ತದ. ಖಾಲಿ ಸ್ಟ್ರಿಪ್, ಪುಡಿಕಿ, ಬಾಟ್ಲಿ ಎಲ್ಲಾ ಚೀಲದಾಗ ಹಾಕ್ಕೊಂಡು ಬಾ ಅನ್ರಿ.

ಆಕ್ಸಿಮೆಟಾಜೋಲಿನ್, ಜೈಲೊಮೆಟಾಜೋಲಿನ್ ಹನಿ ತಿಂಗಳಾನುಗಟ್ಟಲೆ ಹಾಕ್ಕೊಳ್ಳೋರೂ ಅದಾರ. ವಾರದ ಮ್ಯಾಲ ಹಾಕಿದ್ರ ಹನಿಯಿಂದಲೇ ಮೂಗು ಕಟ್ತದ. ಆ ಕಟ್ಟೋದನ್ನ ಪಾಲಿಪ್ ಲೆಕ್ಕಕ್ಕ ಬರೀಬ್ಯಾಡ್ರಿ.

ತುಂಗಾತೀರ:
ವರ್ಷಕ್ಕೆ ಎಷ್ಟು ಸಲ ಸ್ಟೆರಾಯ್ಡ್ ಕೋರ್ಸ್ ಬೇಕಾಯ್ತು ಅನ್ನೋದೇ ತೀವ್ರತೆಯ ಒಂದು ಅಳತೆ. ಎರಡು ಅಥವಾ ಹೆಚ್ಚು ಅಂದ್ರೆ ಎಚ್ಚರ ಆಗಬೇಕು. ಸಕ್ಕರೆ, ಕಣ್ಣಿನ ಪೊರೆ, ಕಣ್ಣೊತ್ತಡ, ಮೂಳೆ, ಇವೆಲ್ಲದರ ಬೆಲೆ ಅದ್ರಲ್ಲಿದೆ.

ಕವಿತಾಳ_ಓದುಗ:
ಮೂಗೊಳಗೆ ಟಾರ್ಚ್ ಹಾಕಿ ನೋಡಿದ್ರೆ ಮಾಂಸ ಕಾಣ್ತದೆ, ಅದೇ ಪಾಲಿಪ್ ಅಲ್ವಾ? ಎಂಡೋಸ್ಕೋಪಿ ಯಾಕೆ ಬೇಕು?

ಮೂಗುಗಂಟಲು_ಬಳ್ಳಾರಿ:
ಟಾರ್ಚಿಗೆ ಮೊದ್ಲು ಕಾಣೋದು ಕೆಳ ಟರ್ಬಿನೇಟ್, ಅದು ಎಲ್ಲರಿಗೂ ಇರೋ ಅಂಗ. ಗುಲಾಬಿ ಬಣ್ಣ, ಕಡ್ಡಿ ತಾಗಿಸಿದ್ರೆ ನೋವು, ಹನಿ ಹಾಕಿದ್ರೆ ಕುಗ್ತದೆ. ಪಾಲಿಪ್ ಸಿಪ್ಪೆ ಸುಲಿದ ದ್ರಾಕ್ಷಿಯಂಗೆ ಮಸುಕು ಬಿಳಿ, ಮುಟ್ಟಿದ್ರೆ ನೋವಿಲ್ಲ, ಹನಿಗೆ ಅಷ್ಟಾಗಿ ಜಗ್ಗೋದಿಲ್ಲ, ಸುತ್ತ ಪ್ರೋಬ್ ಆಡಿಸಬಹುದು. ಗ್ರೇಡ್ 1, 2 ಟಾರ್ಚಿಗೆ ಸಿಗೋದೇ ಇಲ್ಲ.

ಇನ್ನು ಒಂದೇ ಕಡೆ ಪಾಲಿಪ್ ಇದ್ರೆ ಈ ಯಾವ ಅಂಕಪಟ್ಟಿಯೂ ಬೇಡ, ಮೊದ್ಲು ಅದೇನು ಅಂತ ಪತ್ತೆ ಮಾಡಿ. ಇನ್ವರ್ಟೆಡ್ ಪ್ಯಾಪಿಲೋಮ (ಕ್ಯಾನ್ಸರಿಗೆ ತಿರುಗಬಹುದಾದ ಗಡ್ಡೆ), ಕ್ಯಾನ್ಸರ್, ಆಂಟ್ರೊಕೊಯನಲ್ ಪಾಲಿಪ್ (ಕೆನ್ನೆಯ ಸೈನಸ್‌ನಿಂದ ಹಿಂದಕ್ಕೆ ಬೆಳೆಯೋದು), ಯಾವುದೂ ಇರಬಹುದು. ಹದಿಹರೆಯದ ಹುಡುಗ, ಒಂದೇ ಹೊಳ್ಳೆ, ಪದೇ ಪದೇ ರಕ್ತ ಅಂದ್ರೆ ಆಂಜಿಯೋಫೈಬ್ರೋಮ (ರಕ್ತನಾಳ ತುಂಬಿದ ಗಡ್ಡೆ) ಇರಬಹುದು, ಓಪಿಡಿಯಲ್ಲಿ ಚಿವುಟಿದ್ರೆ ರಕ್ತ ನಿಲ್ಲಿಸೋದು ಕಷ್ಟ. ಕೆಂಪಗೆ, ಮೇಲೆ ಬಿಳಿ ಚುಕ್ಕೆ, ಮುಟ್ಟಿದ್ರೆ ರಕ್ತ, ಕೆರೆಯಲ್ಲಿ ಈಜೋ ರೂಢಿ ಇದ್ರೆ ರೈನೊಸ್ಪೊರಿಡಿಯೊಸಿಸ್ ಅನ್ನೋ ಸೋಂಕು ನೆನಪಿರಲಿ. ಮಕ್ಕಳಲ್ಲಿ ಎರಡೂ ಕಡೆ ಪಾಲಿಪ್ ಅಂದ್ರೆ ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಆನುವಂಶಿಕ ರೋಗಕ್ಕೆ ಬೆವರಿನ ಕ್ಲೋರೈಡ್ ನೋಡಿಸಿ.

ಸಿಟಿ_ಕೊಠಡಿ:
ಫಂಗಸ್ ವಿಷಯವನ್ನೂ ಸೇರಿಸ್ತೀನಿ. ಅಲರ್ಜಿಕ್ ಫಂಗಲ್ ಸೈನುಸೈಟಿಸ್‌ನಲ್ಲಿ ಲುಂಡ್-ಮ್ಯಾಕೆ ಮೋಸ ಮಾಡ್ತದೆ. ಸೈನಸ್ ಪೂರ್ತಿ ತುಂಬಿದ್ರೆ 2, ಅದೇ ಸೈನಸ್ ಉಬ್ಬಿ ಕಣ್ಣಿನ ಗೋಡೆ ತಳ್ಳಿದ್ರೂ 2. ಮೂಳೆ ತೆಳ್ಳಗಾದದ್ದಕ್ಕೆ ಅಂಕವೇ ಇಲ್ಲ. ಸಾಫ್ಟ್ ಟಿಶ್ಯೂ ವಿಂಡೋ ಹಾಕಿ ನೋಡಿ. ಮಬ್ಬಿನ ನಡುವೆ ಹೆಚ್ಚು ಬಿಳುಪಿನ ಗೀರು, ಮೋಡ ಕಂಡ್ರೆ ಫಂಗಸ್ ಮ್ಯೂಸಿನ್ (ಫಂಗಸ್ ಬೆರೆತ ಗಟ್ಟಿ ಲೋಳೆ) ಅನುಮಾನಿಸಿ. ಎಂಆರ್‌ಐ ಟಿ2ನಲ್ಲಿ ಅದೇ ಜಾಗ ಕಪ್ಪಾಗಿ ಖಾಲಿ ಸೈನಸ್‌ನಂಗೆ ಕಾಣ್ತದೆ, ಎಂಆರ್‌ಐ ಒಂದನ್ನೇ ನೋಡಿದೋರು "ಸೈನಸ್ ಸ್ವಚ್ಛ" ಅಂದುಬಿಡ್ತಾರೆ.

ದೂಳು_ಸಂಡೂರು:
ಇಲ್ಲಿ ಅದಿರಿನ ದೂಳು, ಗಂಗಾವತಿಯಲ್ಲಿ ಗಿರಣಿ ತೌಡು, ರಾಯಚೂರಲ್ಲಿ ಹತ್ತಿ ಜಿನ್ನಿಂಗ್. ಇದೇ ಮೂಲ ಅಂತ ಯಾರೂ ನೇರವಾಗಿ ಹೇಳ್ತಿಲ್ಲ ಯಾಕೆ?

ಉಸಿರು_ರಾಯಚೂರು:
ಯಾಕಂದ್ರೆ ದೂಳು ಕೆರಳಿಸ್ತದೆ, ಲಕ್ಷಣ ಹೆಚ್ಚಿಸ್ತದೆ, ಅಷ್ಟು ಖಚಿತ. ಒಬ್ಬ ರೋಗಿಯ ಪಾಲಿಪ್ ದೂಳಿನಿಂದಲೇ ಹುಟ್ಟಿತು ಅನ್ನೋಕೆ ಆಧಾರ ಸಿಗೋದಿಲ್ಲ, ಅದೇ ಗಿರಣಿಯಲ್ಲಿ ದುಡಿಯೋ ಉಳಿದವರಿಗೆ ಪಾಲಿಪ್ ಇಲ್ಲ. ಆದ್ರೂ ಚೀಟಿಯಲ್ಲಿ ಕೆಲಸ ಏನು, ಎಷ್ಟು ವರ್ಷ, ರಜೆ ದಿನ ಮೂಗು ಹಗುರಾಗ್ತದಾ ಅನ್ನೋದು ಬರೆದಿರಲಿ. ಹಗುರಾಗ್ತದೆ ಅಂದ್ರೆ ಮಾಸ್ಕ್, ಕೆಲಸದ ಜಾಗ ಬದಲಿಸೋ ಮಾತಿಗೆ ಬಲ ಬರ್ತದೆ.

ರಾಯಚೂರು_ವಾರ್ಡ್:
ತೊಳಿಯೋ ನೀರಿನ ಬಗ್ಗೆ ಯಾರರ ಹೇಳ್ರಿ. ಬೋರಿನ ನೀರು ಹಂಗೇ ಹಾಕ್ಕೊಳ್ತಾರ.

ಔಷಧಂಗಡಿ_ಮಾನ್ವಿ:
ಕುದಿಸಿ ಆರಿಸಿದ ನೀರೇ ಆಗಬೇಕು. ಕಾಲುವಿ ನೀರು, ಬೋರಿನ ನೀರು, ಟ್ಯಾಂಕಿ ನೀರು ಕುದಿಸದ ಹಂಗೇ ಮೂಗಿಗೆ ಬ್ಯಾಡ, ಅಮೀಬಾ ಮಿದುಳಿಗೆ ಏರೋ ಅಪಾಯ ಅದ. ಒಂದು ಲೀಟರಿಗೆ 9 ಗ್ರಾಂ ಉಪ್ಪು, ಉರಿ ಆದ್ರ ಚಿಟಿಕಿ ಅಡಿಗಿ ಸೋಡಾ. ಬಾಟ್ಲಿಲೆ ಒಂದು ಸಲಕ್ಕ 200ರಿಂದ 250 ಮಿ.ಲೀ. ಸ್ಪ್ರೇ ಆಮೇಲೆ. ಬಲಗೈಲೆ ಎಡ ಹೊಳ್ಳಿಗೆ, ಎಡಗೈಲೆ ಬಲ ಹೊಳ್ಳಿಗೆ, ತುದಿ ಕಣ್ಣಿನ ಕಡಿ. ನಡುವಿನ ಗ್ವಾಡಿಗೆ ಹೊಡದ್ರ ರಕ್ತ ಬರ್ತದ, ಔಷಧ ಪಾಲಿಪಿಗೆ ಮುಟ್ಟಂಗಿಲ್ಲ.

ನಿರ್ವಾಹಕ:
ಚಿಕಿತ್ಸೆಗೆ ಬೇರೆ ಎಳೆ ಇದೆ. ಇಲ್ಲಿ ತೀವ್ರತೆ ಅಳೆಯೋದರ ಬಗ್ಗೆ ಮುಂದುವರಿಸಿ.

ಅರಿವಳಿಕೆ_ಸಿಂಧನೂರು:
ಮುಂದುವರಿಸೋ ಮೊದಲು ಒಂದೇ ಮಾತು: ಆ ಡೈಕ್ಲೊಫೆನಾಕ್ ಸಂಗತಿ ರೆಫರಲ್ ಚೀಟಿಯ ಮೇಲ್ಗಡೆ, ಕೆಂಪು ಶಾಯಿಯಲ್ಲಿ ಬರೀರಿ. ಆಪರೇಷನ್ ಆದ ಮೇಲೆ ನೋವಿಗೆ ಡೈಕ್ಲೊಫೆನಾಕ್ ಅಥವಾ ಕೆಟೊರೊಲಾಕ್ ಕೊಡೋದು ವಾಡಿಕೆ. ಈ ರೋಗಿಗೆ ಅದು ಮೇಜಿನ ಮೇಲೇ ಬ್ರಾಂಕೋಸ್ಪಾಸಂ (ಶ್ವಾಸನಾಳ ಬಿಗಿದು ಉಸಿರು ಕಟ್ಟೋದು) ತರಬಹುದು. ಆಸ್ತಮಾ ಹತೋಟಿಗೆ ಬಂದ ಮೇಲೇ ದಿನಾಂಕ ಕೊಡಬೇಕು, "ನಾಳೆನೇ" ಆಗೋ ಮಾತಲ್ಲ.

ಪಿಜಿ_ಮೂರನೇವರ್ಷ:
ಇಷ್ಟೆಲ್ಲ ಇದ್ದಾಗ ಬಯಾಲಜಿಕ್ಸ್‌ಗೆ (ಉರಿಯೂತದ ಸಂಕೇತ ತಡೆಯೋ ಆಂಟಿಬಾಡಿ ಇಂಜೆಕ್ಷನ್) ನೇರ ಅರ್ಹ ಆಗೋದಿಲ್ವಾ? ಡುಪಿಲುಮ್ಯಾಬ್ ಪಾಲಿಪಿಗೆ ಅಮೆರಿಕದಲ್ಲಿ 2019ರಲ್ಲೇ ಒಪ್ಪಿಗೆ ಪಡೆದಿದೆ.

ತುಂಗಾತೀರ:
ಇಪೋಸ್ ಮತ್ತು ಯೂಫೋರಿಯಾ (ಯುರೋಪಿನ ಅಲರ್ಜಿ, ಉಸಿರಾಟ ರೋಗಗಳ ತಜ್ಞರ ವೇದಿಕೆ) 2023ರ ಪಟ್ಟಿ ಪ್ರಕಾರ ಎರಡೂ ಕಡೆ ಪಾಲಿಪ್ ಇರಬೇಕು, ಸಾಮಾನ್ಯವಾಗಿ ಒಮ್ಮೆ ಆಪರೇಷನ್ ಆಗಿರಬೇಕು. ಅದರ ಮೇಲೆ ಐದರಲ್ಲಿ ಮೂರು: ಟೈಪ್ 2 ಸಾಕ್ಷಿ, ಅಂದ್ರೆ ಅಂಗಾಂಶದಲ್ಲಿ 10 ಇಲ್ಲಾ ರಕ್ತದಲ್ಲಿ 150 ಇಯೋಸಿನೊಫಿಲ್ ಇಲ್ಲಾ ಐಜಿಇ (ರಕ್ತದ ಅಲರ್ಜಿ ಆಂಟಿಬಾಡಿ) 100, ವರ್ಷಕ್ಕೆ ಎರಡು ಸ್ಟೆರಾಯ್ಡ್ ಕೋರ್ಸ್, ಸ್ನಾಟ್-22 ಕನಿಷ್ಠ 40, ವಾಸನೆ ಗಣನೀಯವಾಗಿ ಹೋಗಿರೋದು, ನಿತ್ಯ ಇನ್ಹೇಲರ್ ಸ್ಟೆರಾಯ್ಡ್ ಬೇಕಾದ ಆಸ್ತಮಾ. ಇವನಿಗೆ ಮೂರು ಸಿಗಬಹುದು, ಆದ್ರೆ ಆಪರೇಷನ್ನೇ ಆಗಿಲ್ಲ. ಎರಡು ವಾರಕ್ಕೊಂದು 300 ಮಿ.ಗ್ರಾಂ ಇಂಜೆಕ್ಷನ್, ಎಷ್ಟು ಕಾಲ ಅನ್ನೋದಕ್ಕೆ ಕೊನೆಯಿಲ್ಲ. ಗಿರಣಿ ಕೂಲಿಯಲ್ಲಿ ಅದು ಆಗೋ ಮಾತಾ? ಮೊದ್ಲು ಆಸ್ತಮಾ, ಮೂಗಿನ ಔಷಧ, ಆಮೇಲೆ ಎತ್ಮಾಯಿಡ್ ಪೂರ್ತಿ ತೆರೆಯೋ ಆಪರೇಷನ್.

ಗಂಗಾವತಿ_ಕ್ಲಿನಿಕ್:
ಹಂಗಾದ್ರೆ ಹೀಗೆ ಬರೀತೀನಿ: "ಎರಡೂ ಕಡೆ ಪಾಲಿಪ್, ಲುಂಡ್-ಮ್ಯಾಕೆ 17, ಎಡ ಆಸ್ಟಿಯೋಮಿಯೇಟಲ್ 2 ಎಂದು ಚಿತ್ರ ನೋಡಿ ತಿದ್ದಿದೆ. ಸ್ನಾಟ್-22 31, ಮೂಗು ಕಟ್ಟೋದು 5, ವಾಸನೆ 5. ಕಾಫಿಪುಡಿ ಎರಡೂ ಕಡೆ ಇಲ್ಲ. ಆಸ್ತಮಾ ಹತೋಟಿಯಲ್ಲಿಲ್ಲ. ಡೈಕ್ಲೊಫೆನಾಕ್ ಕೊಡಬಾರದು." ಲಕ್ಷಣ ಮಾಡರೇಟ್, ರೋಗದ ಸ್ವಭಾವ ಸಿವಿಯರ್ ಅಂತ ಎರಡು ಸಾಲು ಬೇರೆ ಬೇರೆ. ರಾಯಚೂರು ರಿಮ್ಸ್‌ಗೋ ಕೊಪ್ಪಳ ಕಿಮ್ಸ್‌ಗೋ (ಎರಡೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ರೋಗಿಗೆ ಹತ್ತಿರ ಆದ ಕಡೆ ಕಳಿಸ್ತೀನಿ.

ಮೂಗುಗಂಟಲು_ಬಳ್ಳಾರಿ:
ಸರಿಯಾಗಿದೆ. ಎನ್‌ಪಿಎಸ್ ಎಡಬಲ ಬೇರೆ ಬರೆಸಿ ಸೇರಿಸಿ, ಎಲ್ಲದಕ್ಕೂ ದಿನಾಂಕ, ಕೊನೆಯ ಸ್ಟೆರಾಯ್ಡ್ ಯಾವಾಗ ಅನ್ನೋದೂ ಇರಲಿ.

ಸಿಟಿ_ಕೊಠಡಿ:
ಫಿಲ್ಮ್ ಒಂದೇ ಸಾಲದು, ಸಿಡಿ ಕೊಟ್ಟು ಕಳಿಸಿ. ಆಪರೇಷನ್ ಮಾಡೋರು ಕ್ರಿಬ್ರಿಫಾರ್ಮ್ (ಮೂಗಿಗೂ ಮಿದುಳಿಗೂ ನಡುವಿನ ತೆಳು ಮೂಳೆ) ಆಳ, ಕಣ್ಣಿನ ಗೋಡೆ, ಓನೋಡಿ ಕೋಶ (ಕಣ್ಣಿನ ನರಕ್ಕೆ ಹತ್ತಿರದ ಎತ್ಮಾಯಿಡ್ ಕೋಶ), ಮುಂದಿನ ಎತ್ಮಾಯಿಡ್ ಅಪಧಮನಿ ಎಲ್ಲ ಸ್ಲೈಸ್ ಸ್ಲೈಸಾಗಿ ನೋಡಬೇಕು. ಫಿಲ್ಮಿನಲ್ಲಿ ಆ ಸ್ಲೈಸೇ ಇಲ್ಲದಿರಬಹುದು.

ಕವಿತಾಳ_ಓದುಗ:
ಔಷಧ ಶುರು ಆದ ಮೇಲೆ ಗುಣ ಆಯ್ತು ಅಂತ ಗೊತ್ತಾಗೋದು ಹೆಂಗೆ? ಮತ್ತೆ ಸಿಟಿನಾ?

ತುಂಗಾತೀರ:
ಸಿಟಿ ಬೇಡ. ಅದೇ ಸ್ನಾಟ್-22, ಅದೇ ಡಬ್ಬಿಗಳ ವಾಸನೆ, ಅದೇ ಎನ್‌ಪಿಎಸ್, ಆದಷ್ಟು ಕೇಳೋರೂ ಅವರೇ ಇರಲಿ. ಸ್ನಾಟ್-22 ಸುಮಾರು 9 ಅಂಕ ಇಳಿದ್ರೆ ರೋಗಿಗೆ ಅನುಭವಕ್ಕೆ ಬರೋವಷ್ಟು ಫರಕು. 31 ಇದ್ದದ್ದು 27 ಆದ್ರೆ ಗುಣ ಅಂತ ಬರೀಬೇಡಿ. ಸ್ಪ್ರೇ ಯಾವ ಕೈಯಲ್ಲಿ ಹಿಡೀತಾನೆ ಅಂತ ಮುಂದೆ ಕೂರಿಸಿಕೊಂಡು ನೋಡಿ.